ಸಾಹುಕಾರ ದಾನ ಕೊಟ್ಟ ಒಲೆ

ಒಂದು ಊರಿನಲ್ಲಿ ಒಬ್ಬ ಸಾಹುಕಾರ ಇದ್ದನಪ್ಪಾ. ಹೆಸರು ಕೇಳಬೇಡಿ. ಹೆಸರು ಹೇಳಿದರೆ ನೀವೆಲ್ಲ "ಸದ್ಯ, ನಾನಲ್ಲ" ಅಂತ ನಿರಾಳವಾಗಿ ಗೋಡೆಗೆ ಒರಗಿಬಿಡುತ್ತೀರಿ. ನಿಮ್ಮನ್ನು ನಿರಾಳ ಮಾಡಿ ಮನೆಗೆ ಕಳಿಸುವುದಕ್ಕೆ ನಾನು ಈ ಮಠದ ಗದ್ದುಗೆಯ ಮೇಲೆ ಕೂತಿಲ್ಲ.

ಈ ಸಾಹುಕಾರ ಮಹಾ ದಾನಿ. ಎಂಥ ದಾನಿ ಅಂದರೆ, ಮನೆಯಲ್ಲಿ ಏನು ಕೆಟ್ಟರೂ ಕೂಡಲೇ ದಾನ ಮಾಡಿಬಿಡುತ್ತಿದ್ದ! ಫ್ಯಾನು ಕಿರುಗುಟ್ಟಿತೋ, ಡ್ರೈವರಿಗೆ ದಾನ. ಇಸ್ತ್ರಿಪೆಟ್ಟಿಗೆ ಮುಟ್ಟಿದರೆ ಕರೆಂಟು ಹೊಡೆಯಿತೋ, ತೋಟದ ಆಳಿಗೆ ದಾನ. ಚೆನ್ನಾಗಿರುವುದನ್ನು ಮಾತ್ರ ಒಂದು ದಿನವೂ ಕೊಡಲಿಲ್ಲ. ಪಾಪ, ಅದು ಇನ್ನೂ ಕೆಟ್ಟಿರಲಿಲ್ಲವಲ್ಲ!

ಆ ಮನೆಗೆ ಜೋಳದ ರೊಟ್ಟಿ ಬಡಿಯಲು ಒಬ್ಬ ಹೆಣ್ಣುಮಗಳು ಬರುತ್ತಿದ್ದಳು. ಇವಳ ಹೆಸರು ಹೇಳುತ್ತೇನೆ, ಕೇಳಿ. ಫಕೀರವ್ವ. ಆ ಮನೆಯಲ್ಲಿ ಯಾರೂ ಅವಳನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ, "ರೊಟ್ಟಿ ಮಾಡಾಕಿ" ಅನ್ನುತ್ತಿದ್ದರು. ಗಂಡ ತೀರಿಹೋಗಿದ್ದ. ಒಬ್ಬಳೇ ಮಗಳು. ಆ ಮಗಳ ಊಟ, ಆ ಮಗಳ ಶಾಲೆ, ಎಲ್ಲವೂ ನಡೆಯುತ್ತಿದ್ದದ್ದು ಫಕೀರವ್ವನ ಆ ಎರಡು ಕೈಗಳಿಂದ.

ಒಂದು ದಿನ ಸಾಹುಕಾರನ ಅಡುಗೆಮನೆಯಲ್ಲಿ ಗ್ಯಾಸಿನ ವಾಸನೆ ಬಂತು. ರಿಪೇರಿಯವನನ್ನು ಕರೆಸಿದರು. ಅವನು ಒಲೆಯನ್ನು ಮಗುಚಿ ನೋಡಿದ, ಪೈಪು ಬಗ್ಗಿಸಿ ನೋಡಿದ.

"ಸಾವ್ಕಾರ್ರ, ವಾಲ್ ಸೋರಾಕತ್ತೈತ್ರಿ, ಪೈಪೂ ಸೀಳೈತಿ. ನಿಮ್ಮ ಅಡಗಿಮನಿ ದೊಡ್ಡದೈತಿ, ಕಿಡಕಿ ಅದಾವು, ಗಾಳಿ ಆಡತೈತಿ. ಅದಕ್ಕ ಬಚಾವ್ ಆಗೀರಿ. ಇದನ್ನ ಒಡದು ಗುಜರಿಗೆ ಹಾಕ್ರಿ, ಯಾರಿಗೂ ಕೊಡಬ್ಯಾಡ್ರಿ ಮತ್ತ."

"ಆತು, ಆತು" ಅಂದ ಸಾಹುಕಾರ. ಹೊಸ ಒಲೆ ಬಂತು. ಹಳೆಯದು ಹಿತ್ತಲಿಗೆ ಹೋಯಿತು. ಇನ್ನೇನು ಗುಜರಿಗೆ ಹಾಕಬೇಕು, ಅಷ್ಟರಲ್ಲಿ ಅವನ ಹೆಂಡತಿಗೆ ಕರುಣೆ ಉಕ್ಕಿತು.

"ಗುಜರಿಗೆ ಹಾಕಿದ್ರ ಏನ್ ಬಂತ್ರೀ? ರೊಟ್ಟಿ ಮಾಡಾಕಿಗೆ ಕೊಟ್ಟರ ಪುಣ್ಯಾರ ಬರತೈತಿ. ಪಾಪ, ಕಟ್ಟಿಗಿ ಒಲಿ ಊದಿ ಊದಿ ಆಕಿ ಕಣ್ಣು ಕೆಂಪಗಾಗ್ಯಾವ."

ನೋಡಿ, ಎಂಥ ತಾಯಿಯ ಹೃದಯ! ಶ್ರಾವಣ ಸೋಮವಾರ ಮುಹೂರ್ತ ಇಟ್ಟರು. ಒಲೆಯನ್ನು ಹುಣಸೆಹಣ್ಣು ಹಚ್ಚಿ ಫಳಫಳ ಹೊಳೆಯುವಂತೆ ತಿಕ್ಕಿಸಿದರು. ತಿಕ್ಕಿದವಳು ಯಾರು ಅಂತೀರಿ? ಫಕೀರವ್ವನೇ! ಆಮೇಲೆ ಅದಕ್ಕೆ ಕುಂಕುಮ ಹಚ್ಚಿ, ಚೆಂಡುಹೂ ಇಟ್ಟು, ಆ ಸೀಳಿದ ಪೈಪಿನ ಸಮೇತ ಅವಳ ಕೈಗೆ ಕೊಟ್ಟು ಫೋಟೋ ತೆಗೆಸಿಕೊಂಡರು.

ಜೊತೆಗೊಂದು ಸೀರೆಯನ್ನೂ ಕೊಟ್ಟರು. ತಾಯಂದಿರೇ, ಅಂಗಡಿಗೆ ಹೋದಾಗ ನೀವು ಏನು ಕೇಳುತ್ತೀರಿ? "ಉಡೋದು ಬ್ಯಾಡ್ರಿ, ಕೊಡೋದು ತೋರಸ್ರಿ." ಹೌದೋ ಅಲ್ಲವೋ? ಉಡುವ ಸೀರೆ ಬೇರೆ, ಕೊಡುವ ಸೀರೆ ಬೇರೆ. ಉಡುವುದು ಹತ್ತಿಯದು, ರೇಷ್ಮೆಯದು. ಕೊಡುವುದು ಪಾಲಿಸ್ಟರು, ಬೆಂಕಿ ತಾಗಿದರೆ ಕರಗಿ ಮೈಗೆ ಅಂಟಿಕೊಳ್ಳುವಂಥದ್ದು. ನಗಬೇಡಿ. ಈಗ ನಕ್ಕವರೆಲ್ಲ ಅದನ್ನು ಕೊಂಡುತಂದವರೇ.

ಫಕೀರವ್ವನ ಮನೆ ಅಂದರೆ ಒಂದು ತಗಡಿನ ಖೋಲಿ. ಒಂದೇ ಬಾಗಿಲು, ಕಿಟಕಿ ಇಲ್ಲ. ಹಾಸಿಗೆ ಅಲ್ಲೇ, ಬಟ್ಟೆಯ ಗಂಟು ಅಲ್ಲೇ, ಮಗಳ ಪುಸ್ತಕ ಅಲ್ಲೇ. ಒಲೆಗೆ ಬೇರೆ ಜಾಗ ಎಲ್ಲಿಂದ ತರಬೇಕು? ಬಾಗಿಲ ಪಕ್ಕದಲ್ಲೇ ಇಟ್ಟಳು. ಹೇಗೋ ಒಂದು ಸಣ್ಣ ಸಿಲಿಂಡರನ್ನೂ ಹೊಂದಿಸಿಕೊಂಡಳು. ಮಗಳಿಗೆ ಹೇಳಿದಳಂತೆ, "ನೋಡವ್ವಾ, ಇನ್ನ ನಮ್ಮ ಮನ್ಯಾಗೂ ಹೊಗಿ ಇಲ್ಲ."

ಒಂದು ಬೆಳಗ್ಗೆ ಮಗಳು ನಲ್ಲಿಗೆ ನೀರು ತರಲು ಹೋಗಿದ್ದಳು. ಫಕೀರವ್ವ ಸಾಹುಕಾರ ಕೊಟ್ಟ ಸೀರೆ ಉಟ್ಟು, ಸಾಹುಕಾರ ಕೊಟ್ಟ ಒಲೆಯ ಮುಂದೆ ಕೂತು ಕಡ್ಡಿ ಗೀರಿದಳು. ಒಲೆಯಷ್ಟೇ ಹತ್ತಲಿಲ್ಲ, ಇಡೀ ಖೋಲಿ ಹತ್ತಿತು. ಓಡಬೇಕು ಅಂದರೆ ಬೆಂಕಿಯನ್ನೇ ದಾಟಿ ಓಡಬೇಕು. ದಾಟಿದಳು. ಪಕ್ಕದ ಮನೆಯವರು ಕೌದಿ ಹೊದಿಸಿ ಬೆಂಕಿ ನಂದಿಸಿದರು. ಜೀವ ಉಳಿಯಿತು. ಕೈ ಉಳಿಯಲಿಲ್ಲ, ಬೆರಳುಗಳು ಒಂದಕ್ಕೊಂದು ಅಂಟಿ ಮುದುಡಿಹೋದವು.

ಸುದ್ದಿ ಕೇಳಿದ ಕೂಡಲೇ ಸಾಹುಕಾರನ ಹೆಂಡತಿ ಎದೆ ಎದೆ ಬಡಿದುಕೊಂಡಳು. "ಅಯ್ಯ ಶಿವನ! ಹಬ್ಬ ಬಂತು, ಇನ್ನ ರೊಟ್ಟಿ ಬಡಿಯೋರ್ ಯಾರು?"

ಸಾಹುಕಾರ ಸೇಬುಹಣ್ಣು ಹಿಡಿದು ಆಸ್ಪತ್ರೆಗೆ ಹೋದ. ಅಲ್ಲಿ ನಿಂತವರಿಗೆಲ್ಲ ಕೇಳುವಂತೆ, "ಈ ಮಂದಿಗೆ ಗ್ಯಾಸ್ ಹಚ್ಚಾಕ ಬರಂಗಿಲ್ಲ ನೋಡ್ರಿ. ಎಷ್ಟು ಮಾಡಿದ್ರೂ ಇಷ್ಟ" ಅಂದ.

ಫಕೀರವ್ವ ಕಣ್ಣು ಬಿಟ್ಟಳು. "ಸಾವ್ಕಾರ್ರ, ಒಂದು ಮಾತು ಕೇಳತೇನ್ರಿ. ಆ ಒಲಿ ನೀವ್ಯಾಕ ಬಿಟ್ರಿ?"

"ಸೋರತಿತ್ತಲ್ಲ."

"ಮತ್ತ ನನಗ ಹೇಳಲೇ ಇಲ್ಲಲ್ರೀ?"

"ಹೇಳಿದ್ರ ನೀ ಒಯ್ತಿದ್ದೇನ?"

"ಇಲ್ರೀ. ಮಗಳಿರೋ ಮನಿಗೆ ಹೆಂಗ ಒಯ್ಯಲಿ?" ಅಂದಳು ಫಕೀರವ್ವ. ಮುಖ ಗೋಡೆಯ ಕಡೆ ತಿರುಗಿಸಿ ಅತ್ತಳು. ಕಣ್ಣೊರೆಸಿಕೊಳ್ಳಲು ಅವಳಿಗೆ ಕೈ ಇರಲಿಲ್ಲ.

ಈಗ ಯಾಕೆ ಯಾರೂ ನಗುತ್ತಿಲ್ಲ?

ಬೆಂಕಿಗೆ ಬಡವ ಯಾರು, ಶ್ರೀಮಂತ ಯಾರು ಅನ್ನುವುದು ಗೊತ್ತಿಲ್ಲ ಅಂತ ಭಾಷಣ ಮಾಡುತ್ತೀರಿ. ಸುಳ್ಳು! ಅದಕ್ಕೆ ಚೆನ್ನಾಗಿ ಗೊತ್ತು. ಒಲೆ ಒಂದೇ, ಸೋರಿಕೆ ಒಂದೇ. ಸಾಹುಕಾರನ ಮನೆಯಲ್ಲಿ ಅದು ಬರೀ ವಾಸನೆ, ಕಿಟಕಿಯಿಂದ ಹೊರಗೆ ಹೋಯಿತು. ಫಕೀರವ್ವನ ಮನೆಯಲ್ಲಿ ಅದು ಎಲ್ಲಿಗೆ ಹೋಗಬೇಕು? ನೀವೋ, "ಅವರ ಹಣೆಬರಹ" ಅನ್ನುತ್ತೀರಿ. ಆ ಖೋಲಿಗೆ ಕಿಟಕಿ ಇಡದೆ ಬಾಡಿಗೆಗೆ ಕೊಟ್ಟವನು ಬ್ರಹ್ಮನೇನು? ಈ ಸಭೆಯಲ್ಲೇ ಎಲ್ಲೋ ಕೂತಿದ್ದಾನೆ, ತಲೆ ತಗ್ಗಿಸಿದ್ದಾನೆ, ನನಗೆ ಕಾಣುತ್ತಿದೆ.

ನಾಳೆ ಬಡವರಿಗೆ ಹಂಚಲೆಂದು ನೀವೆಲ್ಲ ತಂದು ಹಾಕಿರುವ ಸಾಮಾನು ಅಗೋ, ಪಡಸಾಲೆಯಲ್ಲಿ ರಾಶಿ ಬಿದ್ದಿದೆ. ಹಳೆಯ ಒಲೆ, ಹಳೆಯ ಹೀಟರು, ಟೇಪು ಸುತ್ತಿದ ವೈರು, ಕೊಡುವ ಸೀರೆ. ನನ್ನ ಕೈಯಿಂದ ಕೊಡಿಸಿ ಪುಣ್ಯ ಕಟ್ಟಿಕೊಳ್ಳುವ ಆಸೆ ನಿಮಗೆ. ನಾನು ಕೊಡುವುದಿಲ್ಲ. ಕೇಳಿತೇ? ಆ ರಾಶಿಯನ್ನು ನಾನು ಮುಟ್ಟುವುದಿಲ್ಲ.

ನಿಮ್ಮದನ್ನು ನೀವೇ ಮನೆಗೆ ಒಯ್ಯಿರಿ. ಬಲ್ಲವನನ್ನು ಕರೆಸಿ ತೋರಿಸಿ. ಅವನು ಸರಿಯಿದೆ ಅಂದರೆ ನಿಮ್ಮ ಅಡುಗೆಮನೆಯಲ್ಲೇ ಅದನ್ನು ಇಟ್ಟು ಒಂದು ವಾರ ಅಡುಗೆ ಮಾಡಿ, ನಿಮ್ಮ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು. ಮನಸ್ಸು ಅಳುಕಲಿಲ್ಲವೋ, ಆಗ ತನ್ನಿ. ಅಳುಕಿತೋ, ಒಡೆದು ಹಾಕಿ. ಕೊಡಲೇಬೇಕು ಅನ್ನಿಸಿದರೆ ಹೊಸ ಪೈಪು ಕೊಡಿ, ಉಡುವ ಸೀರೆ ಕೊಡಿ. ನಿಮ್ಮ ಮನೆಗೆ ಕೆಲಸಕ್ಕೆ ಬರುವವಳ ಮನೆಗೆ ಈ ವಾರ ಒಮ್ಮೆ ಹೋಗಿ, ಒಲೆ ಎಲ್ಲಿದೆ, ಬಾಗಿಲು ಎಲ್ಲಿದೆ ಅಂತ ಕಣ್ಣಾರೆ ನೋಡಿ. ಬಾಡಿಗೆ ಮನೆ ಕಟ್ಟಿಸಿದವರು ನಾಳೆಯೇ ಗೋಡೆ ಒಡೆಸಿ ಕಿಟಕಿ ಇಡಿಸಿ.

ಪ್ರಸಾದ ತಯಾರಾಗಿದೆ ಅಂತ ಸನ್ನೆ ಮಾಡುತ್ತಿದ್ದಾರೆ. ಇರಲಿ, ಪ್ರಸಾದ ಎಲ್ಲೂ ಓಡಿಹೋಗುವುದಿಲ್ಲ. ಮೊದಲು ಎದ್ದು ಪಡಸಾಲೆಗೆ ಹೋಗಿ, ನಿಮ್ಮ ನಿಮ್ಮ ಸಾಮಾನು ಎತ್ತಿಕೊಳ್ಳಿ. ನಾನು ಇಲ್ಲೇ ಕೂತು ನೋಡುತ್ತಿರುತ್ತೇನೆ.