ಬೀಗದವನ ಎರಡನೇ ಕೀ

ಯಾರಿಗೂ ಹೇಳಲ್ಲ ಅಂತ ಮೊದಲು ಆಣೆ ಮಾಡು... ಹಾಂ. ಬೀಗದವನ ಹೆಂಡತಿಗೆ ನಾನೂ ಹಾಗೇ ಆಣೆ ಮಾಡಿದ್ದೀನಿ. ನಿನ್ನ ಬಿಟ್ಟರೆ ಮೇಲಿನ ಮನೆಯವಳಿಗೆ ಮಾತ್ರ ಹೇಳಿರೋದು.

ನಮ್ಮ ಪಕ್ಕದ ಮನೆ ಬೀಗದವನು, ಬೀಗ ಮಾರುವಾಗ "ಇದಕ್ಕೆ ಒಂದೇ ಕೀ, ಜೋಪಾನ" ಅಂತಾನೆ. ಎರಡನೇದು ಅವನ ಅಂಗಡಿ ಮೊಳೆಯಲ್ಲಿ ನೇತಾಡ್ತಿರುತ್ತೆ. ಕಳ್ಳತನಕ್ಕಲ್ಲ ಕಣೇ. ಗಿರಾಕಿ ಕೀ ಕಳಕೊಂಡು ಬಂದರೆ, ಒಳಗೆ ಹೋಗಿ ಅರ್ಧ ಗಂಟೆ ಸುಮ್ಮನೆ ಕುಟ್ಟಿ ಸದ್ದು ಮಾಡಿ ಹೊಸದು ಮಾಡಿದೆ ಅಂತ ಅದನ್ನೇ ತಂದು ಕೊಡೋದು. ದೊಡ್ಡ ಕಸುಬುದಾರ.

ನಮ್ಮ ಏರಿಯಾ ರೌಡಿ ಇದಾನಲ್ಲ, ಯಾವಾಗಲೂ ಮಫ್ಲರ್ ಸುತ್ಕೊಂಡಿರೋನು, ಆ ಮಫ್ಲರಿನವನ ಗ್ಯಾಂಗು ಕೊಲೆ ಮಾಡಿದ್ದನ್ನ ಒಬ್ಬ ಲಾರಿ ಡ್ರೈವರ್ ನೋಡಿಬಿಟ್ಟಿದ್ದ. ಕೋರ್ಟಲ್ಲಿ ಸಾಕ್ಷಿ ಹೇಳೋವರೆಗೂ ಗೋಡೌನ್ ಹಿಂದಿನ ರೂಮಲ್ಲಿ ಅಡಗಿಕೊಂಡ. ಬಾಗಿಲಿಗೆ ಕೂರಿಸೋ ಬೀಗ ಇವನ ಹತ್ರಾನೇ ತಗೊಂಡ. ರಾತ್ರಿ ಒಳಗಿಂದ ತಿರುಗಿಸಿ ಮಲಗ್ತಿದ್ದ, ಪಾಪ.

ಒಂದು ದಿನ ಮಫ್ಲರಿನವನು ಅಂಗಡಿಗೆ ಬಂದು ಸ್ಟೂಲ್ ಎಳಕೊಂಡು ಕೂತ.

"ಆ ಗೋಡೌನ್ ರೂಮಿನ ಎರಡನೇ ಕೀ ಕೊಡಪ್ಪ."

"ಇಲ್ಲ ಸಾರ್, ಒಂದೇ..."

"ನಿನ್ನ ಹೆಂಡ್ತಿ ನೀರಿಗೆ ಹೋಗೋ ಟೈಮ್ ಹೇಳಲಾ?"

ಕೊಟ್ಟ. ಬೆಳಿಗ್ಗೆ ಡ್ರೈವರ್ ಹಾಸಿಗೇಲೇ ಹೆಣ. ಬಾಗಿಲಿಗೆ ಒಂದು ಗೀರೂ ಇಲ್ಲ. ಕೀ ಗೋಡೌನ್ ಪಕ್ಕದ ಬಾವಿಗೆ ಹಾಕಿದೀನಿ, ನೀನು ಬಾಯಿ ಮುಚ್ಕೊಂಡಿರು ಅಂತ ಮಫ್ಲರಿನವನು ಹೇಳಿಕಳಿಸಿದ.

ಆಮೇಲೊಂದು ರಾತ್ರಿ ಇವನು ಅಂಗಡಿ ಮುಚ್ಚಿ ಆ ಬಾವಿ ದಾಟಿ ಬರ್ತಿದ್ದ. ಒಳಗಿಂದ ಸದ್ದು... ಕ್ಟಕ್... ಕಿರ್... ಕ್ಟಕ್. ಬೀಗದಲ್ಲಿ ಕೀ ತಿರುಗೋ ಸದ್ದು. ನಡುವೆ ಆ ಕಿರ್ ಅನ್ನೋದು ತಾನು ಮಾಡಿದ ಬೀಗ ಮಾತ್ರ ಅಂತ ಅವನಿಗೆ ಗೊತ್ತು.

"ಅಣ್ಣಾ... ಬೀಗ ಹಾಕಿದ್ದೆ."

ಸತ್ತ ಡ್ರೈವರ್‌ದೇ ದನಿ. ಇವನು ಬಗ್ಗಿ ನೋಡಿದರೆ ಬರೀ ನೀರು.

"ಎರಡು ಸಲ ಎಳೆದೂ ನೋಡಿದ್ದೆ, ಅಣ್ಣಾ."

ಬೆಳಿಗ್ಗೆ ಅಂಗಡಿ ತೆಗೆದರೆ ಅದೇ ಮೊಳೆಯಲ್ಲಿ ಅದೇ ಕೀ. ನೀರು ತೊಟ್ಟಿಕ್ತಿದೆ. ವಾಪಸ್ ಬಾವಿಗೆ ಎಸೆದ. ಮಾರನೇ ದಿನ ಮತ್ತೆ ಮೊಳೆಯಲ್ಲಿ. ಪೊಲೀಸಿಗೆ ಹೇಳೋಣ ಅಂದರೆ, ಸಾಹೇಬರು ಮಫ್ಲರಿನವನ ಕಾರಲ್ಲೇ ಓಡಾಡೋದು. ಈಗ ಬೀಗದವನು ತನ್ನ ಮನೆ ಬಾಗಿಲು ಹಾಕೋದೇ ಬಿಟ್ಟಿದಾನೆ. "ಹಾಕಿ ಏನಾಗಬೇಕು" ಅಂತಾನಂತೆ.

ಒಂದು ಮಾತು ಅವನ ಹೆಂಡತಿಗೂ ಹೇಳಿಲ್ಲ ನಾನು. ಎರಡನೇ ಕೀ ವಿಷಯ ಮಫ್ಲರಿನವನಿಗೆ ಹೇಗೆ ಗೊತ್ತಾಯ್ತು... ಆ ಮಫ್ಲರಿನವನ ತಂಗಿಗೆ, ನಲ್ಲಿ ಹತ್ರ, ನಾನೇ... ನಗಾಡಕ್ಕೆ ಹೇಳಿದ್ದು ಕಣೇ. ನನಗೇನು ಗೊತ್ತು.

ನಿನ್ನೆಯಿಂದ ಬೀಗದವನ ಮೊಳೆಯಲ್ಲಿ ಕೀ ಇಲ್ಲವಂತೆ. ಇಲ್ಲಿ ಬಾ... ನಮ್ಮ ಅಡುಗೆಮನೆ ಮೊಳೆ ನೋಡು. ಮುಟ್ಟು. ಒದ್ದೆ ಇದೆ ತಾನೆ? ಸುಳ್ಳು ಹೇಳಿದ್ದರೆ ನನ್ನ ನಾಲಿಗೆ ಬಿದ್ದುಹೋಗಲಿ.

ತಡಿ... ಯಾರೋ ಮೆಟ್ಟಿಲು ಹತ್ತುತ್ತಿದ್ದಾರೆ. ಬರುವಾಗ ಬಾಗಿಲು ಹಾಕಿಕೊಂಡು ಬಂದೆ ತಾನೆ ನೀನು? ಎಳೆದು ನೋಡಿದೆಯಾ...