ಮಹಾರುದ್ರಪ್ಪನ ತಾಳ್ಮೆ, ಕಾಶವ್ವನ ಮೊಣಕಾಲು

ಶರಣ ಬಂಧುಗಳೇ, ರಾಣೆಬೆನ್ನೂರಿನಲ್ಲಿ ಮಹಾರುದ್ರಪ್ಪ ಅಂತ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಸ್ಥಿತಿವಂತ. ಅಂಗಡಿಯಲ್ಲಿ ಉಳಿದದ್ದನ್ನೆಲ್ಲ ವರ್ಷವರ್ಷವೂ ಷೇರಿಗೆ ಹಾಕುತ್ತಿದ್ದ. ಜೂಜಾಡುವವನಲ್ಲ, ನೋಡಿ. ಒಳ್ಳೆಯ ಕಂಪನಿ ಹುಡುಕಿ ಕೊಳ್ಳುವುದು, ಕೊಂಡದ್ದನ್ನು ಮುಟ್ಟದೆ ಬಿಡುವುದು. ಒಮ್ಮೆ ಅಮೆರಿಕದ ಷೇರು ಪೇಟೆ ಕುಸಿಯಿತು, ಅದರ ಹಿಂದೆಯೇ ಮುಂಬಯಿಯದೂ ಕುಸಿಯಿತು. ಜೊತೆಯವರೆಲ್ಲ ಹೆದರಿ ಸಿಕ್ಕ ಬೆಲೆಗೆ ಮಾರಿಕೊಂಡರು. ಇವನು ಅಲುಗಲಿಲ್ಲ. ಪೇಟೆ ಮತ್ತೆ ಎದ್ದಿತು. ಇವನ ತಾಳ್ಮೆಯನ್ನು ಊರೇ ಹೊಗಳಿತು. ಅವನಿಗೂ ಒಳಗೊಳಗೇ ಹೆಮ್ಮೆ.

ಹೆಂಡತಿ ಕಾಶವ್ವನ ಮೊಣಕಾಲು ಸವೆದಿದ್ದವು. ಆಪರೇಷನ್ ಮಾಡಿ ಎರಡನ್ನೂ ಬದಲಿಸಬೇಕು ಎಂದರು ಹುಬ್ಬಳ್ಳಿಯ ಡಾಕ್ಟರು. ಮಹಾರುದ್ರಪ್ಪ ಒಪ್ಪಿದ. ಒಂದಿಷ್ಟು ಷೇರು ಮಾರಿದರಾಯಿತು. ಅಷ್ಟರಲ್ಲಿ ಎಲ್ಲೋ ಹೊರದೇಶದಲ್ಲಿ ಯುದ್ಧ ಶುರುವಾಗಿ ಪೇಟೆ ಬಿತ್ತು.

"ಈಗ ಮಾರಿದ್ರ ಲುಕ್ಸಾನ ಆಕ್ಕೈತಿ. ಏರೂ ತನಕ ತಡಿ," ಎಂದ.

"ಆತು ಬಿಡ್ರಿ," ಎಂದಳು ಕಾಶವ್ವ. ಗೋಡೆ ಹಿಡಿದುಕೊಂಡು ಒಳಗೆ ಹೋದಳು.

ಪೇಟೆ ಏರಿತು. ಅವಳು ನೆನಪು ಮಾಡಿದಳು.

"ಏರಾಕ ಹತ್ತಿದಾಗ ಯಾರರ ಮಾರ್ತಾರೇನು? ಇನ್ನೊಂದೀಟ ತಡಿ."

ಬಿದ್ದರೂ ತಡಿ, ಏರಿದರೂ ತಡಿ! ಹಾಗಾದರೆ ಮಾರುವ ಹೊತ್ತು ಯಾವುದು? ಅವಳು ಮೊದಲು ಸಂತೆಗೆ ಹೋಗುವುದನ್ನು ಬಿಟ್ಟಳು. ಆಮೇಲೆ ಅಕ್ಕನ ಮನೆಗೆ. ಆಮೇಲೆ ಹಿತ್ತಲಿಗೆ. ಕೊನೆಗೆ ಮಂಚ, ಅದರ ಪಕ್ಕದ ಕುರ್ಚಿ, ಇಷ್ಟೇ.

ಒಂದು ದಿನ ಬಚ್ಚಲಲ್ಲಿ ಬಿದ್ದಳು. ಎಬ್ಬಿಸಲು ಹೋದ ಮಹಾರುದ್ರಪ್ಪನ ಕೈಗೆ ಅವಳ ಕಾಲು ಕಡ್ಡಿಯಂತೆ ಹತ್ತಿತು. ಇವಳು ಇಷ್ಟು ಬಡವಾದದ್ದು ಯಾವಾಗ? ಅವನು ನೋಡಿಯೇ ಇರಲಿಲ್ಲ. ಅಂದೇ ಹುಬ್ಬಳ್ಳಿಗೆ ಕರೆದೊಯ್ದ.

"ಯಜಮಾನ್ರ, ವರ್ಷಗಟ್ಟಲೆ ಕೂತಲ್ಲೇ ಕೂತು ಹೃದಯ ಭಾಳ ಸೋತೈತಿ. ಈಗ ಆಪರೇಷನ್ ಮಾಡಾಕ ಬರಂಗಿಲ್ಲ. ಆವಾಗ್ಲೇ ಬರಬೇಕಿತ್ತು," ಎಂದರು ಡಾಕ್ಟರು.

ಹೊರಗೆ ಬೆಂಚಿನ ಮೇಲೆ ಇಬ್ಬರೂ ಕೂತಿದ್ದಾಗ ಗೆಳೆಯನ ಫೋನು ಬಂತು. "ಪೇಟಿ ಹಿಂದೆಂದೂ ಇಲ್ದಷ್ಟು ಮ್ಯಾಲೇರೈತಿ ಮಾರುದ್ರಣ್ಣ! ನೀ ಗೆದ್ದಿ ನೋಡು!"

ಮಹಾರುದ್ರಪ್ಪ ಫೋನಿಟ್ಟು ಹೆಂಡತಿಯ ಕೈ ಹಿಡಿದುಕೊಂಡ. "ಎಲ್ಲಾ ಮಾರ್ತೀನಿ ಕಾಶಿ. ಮುಂಬಯಿ ದೊಡ್ಡ ದವಾಖಾನಿಗೆ ಹೋಗೂಣು."

ಅವಳು ಸಿಟ್ಟಾಗಲಿಲ್ಲ. "ಮನಿಗೆ ನಡೀರಿ. ಕೂತು ಕೂತು ಸೊಂಟ ನೋಯಾಕ ಹತ್ತೈತಿ," ಎಂದಳಷ್ಟೇ.

ಮುಂಬಯಿಗೂ ಹೋದರು. ಅಲ್ಲಿಯೂ ಅದೇ ಮಾತು. ಕಾಶವ್ವ ಮತ್ತೆ ನಡೆಯಲಿಲ್ಲ.

ತಾಳ್ಮೆ ಅವನದು ಬಂಧುಗಳೇ, ನೋವು ಅವಳದು. ಷೇರು ತಪ್ಪೆಂದು ನಾನು ಹೇಳುತ್ತಿಲ್ಲ. ಪೇಟೆ ಬಿದ್ದಾಗ ಹೆದರಿ ಮಾರಿ ಎಂದೂ ಹೇಳುತ್ತಿಲ್ಲ. ಬಹಳ ವರ್ಷ ಬೇಕಾಗದ ದುಡ್ಡು ಅಲ್ಲಿರಲಿ, ಬೆಳೆಯಲಿ. ಆದರೆ ಮನೆಯವರ ಔಷಧಿಯ ದುಡ್ಡು, ಮಕ್ಕಳ ಓದಿನ ದುಡ್ಡು ಅಲ್ಲೇಕೆ? ಅದನ್ನು ಮೊದಲೇ ಬೇರೆ ತೆಗೆದಿಡಿ. ನೀವು "ಆಮೇಲೆ ನೋಡೋಣ" ಎಂದು ಯಾರನ್ನು ಸುಮ್ಮನಾಗಿಸಿದ್ದೀರಿ? ಈ ಹೊತ್ತು ಮನೆಗೆ ಹೋದೊಡನೆ ಅವರ ಹತ್ತಿರ ಕೂತು ಏನು ಬೇಕಿತ್ತೆಂದು ಕೇಳಿ. ಕೇಳಿ ಎದ್ದುಹೋಗಬೇಡಿ, ಅದಕ್ಕೊಂದು ದಿನ ಗೊತ್ತು ಮಾಡಿ. ಆ ದಿನ ಪೇಟೆ ಬಿದ್ದಿದ್ದರೂ ಹೊರಡಿ.