ಅಳೆಯದೆ ಬರೆದ ಮೂವತ್ತೈದು ವಾರ

ಇವತ್ತು ಬೆಳಿಗ್ಗೆ ಕಾಲೇಜಿನ ಅಧ್ಯಾಪಕರೊಬ್ಬರು ಮಠಕ್ಕೆ ಬಂದು ನನ್ನನ್ನು ಕೇಳಿದರು: "ಬುದ್ಧೀ, ದಿನಾ ಪಾಪಕ್ಕ ಅಂಜರಿ ಅಂತೀರಿ. ಕಾಗದದ ಮ್ಯಾಲ ನಾಕು ಅಂಕಿ ಹೆಚ್ಚುಕಮ್ಮಿ ಬರದರ ಅದೂ ಪಾಪ ಆಗತೈತೇನ್ರಿ?" ನಗುತ್ತಲೇ ಕೇಳಿದರು. ನನಗೆ ನಗು ಬರಲಿಲ್ಲ. ಯಾಕೆಂದರೆ ಆ ಮಾತು ಕೇಳಿದ ಕೂಡಲೇ ನನಗೆ ಒಬ್ಬ ಮನುಷ್ಯನ ಕಥೆ ನೆನಪಾಯಿತು. ಅದನ್ನು ನಿಮಗೆಲ್ಲ ಹೇಳುತ್ತೇನೆ. ಸ್ವಲ್ಪ ಮನಸ್ಸಿಟ್ಟು ಕೇಳಿ.

ಒಂದು ಊರಿನಲ್ಲಿ ಗುರುಶಾಂತ ಎಂಬ ಪ್ರಾಧ್ಯಾಪಕನಿದ್ದ. ಶ್ರೀಮಂತನಲ್ಲ, ಆದರೆ ಹೆಸರಿಗೆ ಕಡಿಮೆಯಿರಲಿಲ್ಲ. ಅವನ ಬಾಗಿಲ ಮೇಲೆ ಹಿತ್ತಾಳೆಯ ಫಲಕವಿತ್ತು, ಗೋಡೆಯ ಮೇಲೆ ಪ್ರಶಸ್ತಿಗಳಿದ್ದವು. ಕಾರಿಡಾರಿನಲ್ಲಿ ನಡೆದರೆ ಹುಡುಗರು ಗೋಡೆಗೆ ಸರಿದು ನಿಲ್ಲುತ್ತಿದ್ದರು. ಇಷ್ಟೆಲ್ಲ ಬಂದದ್ದು ಒಂದೇ ಒಂದು ಪ್ರಬಂಧದಿಂದ. ನೀರಿನ ಮೇಲೆ ಬರೆದ ಪ್ರಬಂಧ ಅದು.

ನಮ್ಮ ಕಪ್ಪುನೆಲದ ಸೀಮೆಯಲ್ಲಿ ಬೋರಿನ ನೀರು ಹೇಗಿರುತ್ತದೆ ನಿಮಗೆ ಗೊತ್ತು. ನೋಡಲು ತಿಳಿ, ಕುಡಿಯಲು ಸಿಹಿ. ಒಳಗೆ ಫ್ಲೋರೈಡ್. ಎಳೆಯ ಮಕ್ಕಳು ಕುಡಿದರೆ ಹಲ್ಲಿಗೆ ಕಂದು ಬರೆ ಬೀಳುತ್ತದೆ, ಕುಡಿಯುತ್ತಲೇ ಹೋದರೆ ಎಲುಬಿಗೂ ಇಳಿಯುತ್ತದೆ. ಗುರುಶಾಂತ ಯುವಕನಾಗಿದ್ದಾಗ ಕೆಂಪು ಮಣ್ಣನ್ನು ಹರಳು ಮಾಡಿ, ಸುಟ್ಟು, ಅದರ ಮೂಲಕ ನೀರು ಹಾಯಿಸಿ ಆ ವಿಷ ಹಿಡಿಯುವ ಒಂದು ಶೋಧಕ ಮಾಡಿದ. ಒಳ್ಳೆಯ ಕೆಲಸ. ಅದು ನಿಜವಾಗಿಯೂ ವಿಷ ಹಿಡಿಯುತ್ತಿತ್ತು. ಆದರೆ ಎಷ್ಟು ದಿನ ಹಿಡಿಯುತ್ತದೆ? ಅದನ್ನು ತಿಳಿಯಲು ಒಂದು ವರ್ಷ ವಾರಕ್ಕೊಂದು ಸಲ ಅಳೆಯಬೇಕಿತ್ತು. ಐವತ್ತೆರಡು ವಾರ, ಐವತ್ತೆರಡು ಅಳತೆ.

ಹದಿನೇಳು ವಾರ ಅಳೆದ. ಹದಿನೆಂಟನೆಯ ವಾರ ಅಳೆಯುವ ಯಂತ್ರ ಕೆಟ್ಟಿತು. ಬಿಡಿಭಾಗ ಇವತ್ತು ಬಂದೀತು, ನಾಳೆ ಬಂದೀತು ಎನ್ನುವುದರಲ್ಲಿ ವರ್ಷ ಮುಗಿಯಿತು. ಪ್ರಬಂಧ ಒಪ್ಪಿಸುವ ದಿನ ಬಂತು. ಅವನು ಹೋಗಿ ತನ್ನ ಮಾರ್ಗದರ್ಶಕರ ಮುಂದೆ ನಿಂತ.

ಅವರು ಹಾಳೆಯ ಮೇಲಿನ ಗೆರೆ ನೋಡಿ ಹೇಳಿದರು: "ಹದಿನೇಳು ವಾರ ನೆಟ್ಟಗೈತಲ್ಲಪಾ. ಮುಂದನೂ ನೆಟ್ಟಗ ಹೊಕ್ಕೈತಿ. ನಿನಗ ತಿಳೀದೇನು?"

"ಅಳತಿ ಮಾಡಿಲ್ಲರೀ ಸರ."

"ನಾ ಅಳತಿ ಮಾಡು ಅಂದ್ನೇನು? ಬರಿ ಅಂದೆ."

ನೋಡಿ, ಅಲ್ಲಿ ಒಂದು ಕ್ಷಣವಿತ್ತು. 'ಮುಂದಿನದು ನನಗೆ ಗೊತ್ತಿಲ್ಲ' ಎಂದು ಒಂದು ಸಾಲು ಬರೆಯಬಹುದಿತ್ತು. ಬರೆದಿದ್ದರೆ ಏನಾಗುತ್ತಿತ್ತು? ಪದವಿ ಒಂದು ವರ್ಷ ತಡವಾಗುತ್ತಿತ್ತು. ಅಷ್ಟೇ.

ಅವನು ಒಂದು ಮಧ್ಯಾಹ್ನ ಊಟ ಮುಗಿಸಿ ಕುಳಿತು ಮೂವತ್ತೈದು ಅಂಕಿ ಬರೆದ. ಎಲ್ಲ ಒಂದೇ ತರಹ ಇದ್ದರೆ ಅನುಮಾನ ಬಂದೀತೆಂದು ಅಲ್ಲಲ್ಲಿ ಒಂದಿಷ್ಟು ಏರಿಸಿದ, ಒಂದಿಷ್ಟು ಇಳಿಸಿದ. ಬೇರೆ ಬೇರೆ ದಿನ ಬರೆದಂತೆ ಕಾಣಲೆಂದು ನಡುನಡುವೆ ಪೆನ್ನು ಬದಲಿಸಿದ. ಚಹಾದ ಹೊತ್ತಿಗೆ ಎಂಟು ತಿಂಗಳು ಮುಗಿದುಹೋದವು.

ಪ್ರಬಂಧ ದೊಡ್ಡ ಪತ್ರಿಕೆಯಲ್ಲಿ ಅಚ್ಚಾಯಿತು. ಪರಿಶೀಲಿಸಿದವರು ಹೊಗಳಿದರು. ಪರಿಶೀಲಿಸುವವರಾದರೂ ಏನು ಮಾಡಿಯಾರು? ಅವರು ಕಾಗದ ನೋಡುತ್ತಾರೆ, ನೀರು ನೋಡುವುದಿಲ್ಲ. ಹನ್ನೊಂದು ಜನ ವಿದ್ಯಾರ್ಥಿಗಳು ಅದೇ ಪ್ರಬಂಧವನ್ನು ನಂಬಿ ತಮ್ಮ ಪ್ರಬಂಧ ಕಟ್ಟಿದರು. ಒಂದು ಸಂಸ್ಥೆಯವರು ಅದನ್ನು ಓದಿ ಕನ್ನಡದಲ್ಲಿ ಪುಸ್ತಿಕೆ ಮಾಡಿ ನಲವತ್ತು ಶಾಲೆಗಳಲ್ಲಿ ಶೋಧಕ ಕೂರಿಸಿದರು. ಪುಸ್ತಿಕೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು: ಹರಳನ್ನು ಹನ್ನೆರಡು ತಿಂಗಳಿಗೊಮ್ಮೆ ಬದಲಿಸಿದರೆ ಸಾಕು.

ಆ ನಲವತ್ತರಲ್ಲಿ ಒಂದು ಶಾಲೆಯಲ್ಲಿ ಜೈತುನಬಿ ಎಂಬ ಅಕ್ಕೋರು ಇದ್ದರು. ಇಪ್ಪತ್ತು ವರ್ಷ ಅದೇ ಊರಿನಲ್ಲಿ ಕಲಿಸಿದವರು. ಸಂಸ್ಥೆಯವರು ಹೋಗುವಾಗ ಅವರ ಕೈಗೆ ಒಂದು ಸಣ್ಣ ಪೆಟ್ಟಿಗೆ ಕೊಟ್ಟಿದ್ದರು. ಗಾಜಿನ ನಳಿಕೆಯಲ್ಲಿ ನೀರು ತೆಗೆದುಕೊಂಡು ಔಷಧದ ಹನಿ ಹಾಕಿದರೆ ಒಳ್ಳೆಯ ನೀರು ಗುಲಾಬಿಯಾಗುತ್ತದೆ, ಕೆಟ್ಟ ನೀರು ಹಳದಿಯಾಗುತ್ತದೆ. ಉಳಿದ ಮೂವತ್ತೊಂಬತ್ತು ಶಾಲೆಗಳಲ್ಲಿ ಅಂಥದೇ ಪೆಟ್ಟಿಗೆ ಕಪಾಟಿನಲ್ಲೇ ಉಳಿದಿತ್ತು. ಜೈತುನಬಿ ಮಾತ್ರ ಪ್ರತಿ ಸೋಮವಾರ ತೆಗೆದು ಹನಿ ಹಾಕಿ ನೋಡಿದರು. ಐದು ತಿಂಗಳು ಗುಲಾಬಿ. ಆರನೆಯ ತಿಂಗಳು ಹಳದಿ.

ಅವರು ಗಾಬರಿಯಾದರು. ಮಕ್ಕಳ ತಂದೆತಾಯಂದಿರನ್ನು ಕರೆದು, ಮೂರು ಮೈಲಿಯಾಚೆಯ ಸಿಹಿಬಾವಿಯಿಂದ ಮಕ್ಕಳಿಗೆ ನೀರು ತರಿಸುವ ಏರ್ಪಾಡು ಮಾಡಿದರು. ಮರುದಿನ ಒಂದು ಕ್ಯಾನು ನೀರು ಹಿಡಿದು ಬಸ್ಸು ಹತ್ತಿ ಗುರುಶಾಂತನ ಕೋಣೆಗೆ ಬಂದರು.

"ಸರ, ತಪ್ಪು ತಿಳೀಬ್ಯಾಡ್ರಿ," ಎಂದರು. "ನಿಮ್ಮ ಲೆಕ್ಕದಾಗ ಹನ್ನೆರಡು ತಿಂಗಳು ಬರತೈತಂತ ಐತಿ. ನಮ್ಮಲ್ಲಿ ಆರಕ್ಕ ಹಳದಿ ಬಂತ್ರಿ. ನಾ ಎಲ್ಲಿ ತಪ್ಪೀನಿ ತಿಳೀವಲ್ದು."

ಆ ಹೆಂಗಸು ತಪ್ಪು ಹುಡುಕಲು ಬಂದಿರಲಿಲ್ಲ. ಗುರುಶಾಂತನ ತಪ್ಪು ಇರಬಹುದೆಂಬ ಯೋಚನೆಯೇ ಅವರಿಗೆ ಬಂದಿರಲಿಲ್ಲ. ಅದೇ ಅವನನ್ನು ಹೆದರಿಸಿತು.

"ನಿಮ್ಮ ಯಂತ್ರದಾಗ ಒಂದ್ಸಲ ಇಟ್ಟು ನೋಡತೀರೇನ್ರಿ? ನೀರು ತಂದೀನಿ."

ಯಂತ್ರ ಪಕ್ಕದ ಕೋಣೆಯಲ್ಲಿತ್ತು. ಹೊಸದು. ಹತ್ತು ನಿಮಿಷದ ಕೆಲಸ.

"ಯಂತ್ರ ರಿಪೇರಿಗೆ ಹೋಗೇತ್ರಿ," ಎಂದ ಗುರುಶಾಂತ. "ಮತ್ತ ನಿಮ್ಮ ಪೆಟಗಿ ಅಷ್ಟು ನಂಬಂಗಿಲ್ಲ. ಬಿಸಿಲಿಗೆ ಔಷಧ ಕೆಡತೈತಿ. ಒಳ್ಳೇ ನೀರಿಗೂ ಹಳದಿ ತೋರಸ್ತೈತಿ."

ಜೈತುನಬಿಯವರ ಮುಖ ಹಗುರಾಯಿತು. "ಹೌದೇನ್ರಿ? ನಂದ ತಪ್ಪು ಹಂಗಾರ. ಸುಮ್ಮನ ಊರಿಗೆಲ್ಲ ಅಂಜಿಸಿಬಿಟ್ಟೆ. ಸರ, ಇದನ್ನ ಒಂದು ಚೀಟಿಯೊಳಗ ಬರದು ಕೊಡ್ತೀರೇನ್ರಿ? ಮಂದಿ ನನ್ನ ಮಾತು ನಂಬಂಗಿಲ್ಲ, ನಿಮ್ಮದು ನಂಬ್ತಾರ."

ಅವನು ಬರೆದುಕೊಟ್ಟ. ತನ್ನ ಹೆಸರು ಅಚ್ಚಾದ ಹಾಳೆಯ ಮೇಲೆ, ಮೊಹರು ಹಾಕಿ ಬರೆದುಕೊಟ್ಟ.

ಅವರು ಹೋದ ಮೇಲೆ ಮೇಜಿನ ಮೇಲೆ ಕ್ಯಾನು ಉಳಿದಿತ್ತು. ಗುರುಶಾಂತ ಬಾಗಿಲು ಹಾಕಿಕೊಂಡು ಆ ನೀರನ್ನು ಯಂತ್ರಕ್ಕೆ ಹಾಕಿ ನೋಡಿದ. ಇರಬಹುದಾದುದಕ್ಕಿಂತ ಎರಡೂವರೆ ಪಟ್ಟು ವಿಷ. ಅಂಕಿ ಪರದೆಯ ಮೇಲೆ ನಿಂತಿತ್ತು. ಅವನು ಯಂತ್ರ ಆರಿಸಿ ನೀರನ್ನು ಮೋರಿಗೆ ಚೆಲ್ಲಿದ. ನಾಳೆ ಫೋನು ಮಾಡಿ ಹೇಳೋಣ ಎಂದುಕೊಂಡ. ನಾಳೆ ಮಾಡಲಿಲ್ಲ. ಆ ವಾರ ಮಾಡಲಿಲ್ಲ. ನೀವು ನಾನು 'ನಾಳೆ' ಎನ್ನುತ್ತೇವಲ್ಲ, ಹಾಗೆ ಮೂರು ವರ್ಷ ಹೋಯಿತು.

ಆ ಮೂರು ವರ್ಷ ಅವನು ಹೇಗೆ ಬದುಕಿದ ಗೊತ್ತೇ? ಹೊರಗಿನಿಂದ ನೋಡಿದರೆ ಸುಖವಾಗಿದ್ದ. ಒಳಗೆ, ಟಪಾಲಿನವನು ಬಂದರೆ ಹೆದರಿಕೆ. ಹೊಸ ನಂಬರಿನಿಂದ ಫೋನು ಬಂದರೆ ಹೆದರಿಕೆ. ಸಭೆಯಲ್ಲಿ ಯಾರೋ ಹಿಂದಿನ ಸಾಲಿನಲ್ಲಿ ಕೈ ಎತ್ತಿದರೆ ಹೆದರಿಕೆ. ಯಾರೋ 'ನಿಮ್ಮ ಪ್ರಬಂಧ ಓದಿದೆ' ಎಂದರೆ, ಸಂತೋಷಪಡಬೇಕಾದ ಮಾತು ಅದು, ಅವನು ಮಾತು ಬೇರೆ ಕಡೆ ತಿರುಗಿಸುತ್ತಿದ್ದ. ಕಳ್ಳನಿಗೆ ಪೊಲೀಸರ ಭಯ ಮಾತ್ರ. ಇವನಿಗೆ ಓದುಗರ ಭಯ.

ಕೊನೆಗೆ ಪತ್ರಿಕೆಯ ಸಂಪಾದಕರಿಂದ ಪತ್ರ ಬಂತು. ದೂರದ ದೇಶದಲ್ಲಿ ಯಾರೋ ಅದೇ ಪ್ರಯೋಗ ಮಾಡಿ ನೋಡಿದ್ದಾರೆ, ಐದು ತಿಂಗಳಿನ ಮೇಲೆ ಹರಳು ಕೆಲಸ ಮಾಡುತ್ತಿಲ್ಲ, ನಿಮ್ಮ ಮೂಲ ದಾಖಲೆ ಪುಸ್ತಕ ಕಳಿಸಿ.

ಆಗ ಅವನಿಗೆ ಮೊದಲು ನೆನಪಾದದ್ದು ಏನು? ಮಕ್ಕಳಲ್ಲ. ತಾನು ಬರೆದುಕೊಟ್ಟ ಆ ಚೀಟಿ. ಅದು ಸಿಕ್ಕರೆ ತನಗೆ ಮೊದಲೇ ಗೊತ್ತಿತ್ತು ಎಂಬುದಕ್ಕೆ ಸಾಕ್ಷಿಯಾಗುತ್ತದೆ. ಹೇಗಾದರೂ ಅದನ್ನು ಮರಳಿ ತರಬೇಕೆಂದು ಅವನು ಆ ಊರಿಗೆ ಹೊರಟ. ಪಶ್ಚಾತ್ತಾಪದಿಂದ ಹೋದ ಎಂದು ನಾನು ಹೇಳಿದರೆ ನಿಮಗೆ ಹಿತವಾಗುತ್ತದೆ. ಆದರೆ ಅವನು ಹೋದದ್ದು ಚೀಟಿ ಕದಿಯಲು.

ಚೀಟಿ ಹುಡುಕುವ ಕಷ್ಟ ಬೀಳಲಿಲ್ಲ. ಶಾಲೆಯ ಪಡಸಾಲೆಯಲ್ಲಿ, ಶೋಧಕದ ಮೇಲಿನ ಗೋಡೆಗೆ ಕಟ್ಟು ಹಾಕಿಸಿ ತೂಗುಹಾಕಿದ್ದರು. ಗಾಜಿನ ಹಿಂದೆ ಅವನ ಹೆಸರು, ಅವನ ಸಹಿ, ಅವನ ಮೊಹರು. ಅದರ ಕೆಳಗೆ ಮಕ್ಕಳು ಸಾಲಾಗಿ ನಿಂತು ನೀರು ಕುಡಿಯುತ್ತಿದ್ದರು.

ಜೈತುನಬಿ ಓಡಿ ಬಂದರು. "ನೀವು ನಮ್ಮ ಸಾಲಿಗೆ ಬರ್ತೀರಂತ ಕನಸಿನಾಗೂ ಅಂದ್ಕೊಂಡಿರಲಿಲ್ಲರಿ ಸರ," ಎಂದು ಕುರ್ಚಿ ಹಾಕಿಸಿದರು. "ನಿಮ್ಮ ಕಾಗದ ನೋಡಿದ ಮ್ಯಾಲ ಮಂದಿಗೆ ಧೈರ್ಯ ಬಂತ್ರಿ. ಸಿಹಿಬಾಂವಿ ನೀರು ತರೋದು ಬಿಟ್ಟರು. ಆ ಪೆಟಗಿ ನಾನ ತಿಪ್ಪಿಗೆ ಒಗದೆ."

ಅವರು ಮಾಳವ್ವ ಎಂಬ ಹುಡುಗಿಯನ್ನು ಕರೆದು ಸಾಹೇಬರಿಗೆ ನೀರು ಕೊಡು ಎಂದರು. ಒಂಬತ್ತು ವರ್ಷದ ಹುಡುಗಿ. ಲೋಟ ತುಂಬಿಕೊಂಡು ಬಂದು ನಕ್ಕಳು. ಹೊಸದಾಗಿ ಬಂದ ಹಲ್ಲುಗಳು. ಎಲ್ಲದರ ಮೇಲೂ ಕಂದು ಬರೆ.

ಗುರುಶಾಂತ ಲೋಟ ತೆಗೆದುಕೊಂಡ. ತುಟಿಯ ತನಕ ಎತ್ತಿದ. ಕುಡಿಯಲಾಗಲಿಲ್ಲ.

"ಕುಡೀರಿ ಸರ," ಎಂದರು ಜೈತುನಬಿ. "ಬಿಸಿಲಾಗ ಬಂದೀರಿ."

ಅವನು ಲೋಟ ಇಳಿಸಿ ನೆಲದ ಮೇಲಿಟ್ಟ. ಜೈತುನಬಿ ಲೋಟ ನೋಡಿದರು, ಆಮೇಲೆ ಅವನ ಮುಖ ನೋಡಿದರು. ಇಪ್ಪತ್ತು ವರ್ಷ ಮಕ್ಕಳ ಮುಖ ನೋಡಿ ಸುಳ್ಳು ಹಿಡಿದವರು ಅವರು.

"ಮಾಳವ್ವ, ನೀ ಒಳಗ ಹೋಗವ್ವ," ಎಂದು ಕಳಿಸಿ, ದನಿ ಇಳಿಸಿ ಕೇಳಿದರು: "ಅವತ್ತ ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ರಿ."

"ಪೆಟಗಿ ಖರೇ ಹೇಳಿತ್ತೇನ್ರಿ?"

"ಖರೇ ಹೇಳಿತ್ರಿ."

ಅವರು ಬೈಯಲಿಲ್ಲ, ಅಳಲಿಲ್ಲ. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಹೇಳಿದರು: "ಮೂರು ವರ್ಷ ಆತ್ರಿ ಸರ. ಹುಡುಗರ ಹಲ್ಲು ನೋಡಿದಾಗೆಲ್ಲ ನನ್ನ ಕಣ್ಣಾಗ ಏನೋ ಐಬು ಐತಿ ಅಂದ್ಕೋತಿದ್ದೆ. ನಾ ಕಂಡಿದ್ದು ಸುಳ್ಳು, ನೀವು ಬರದಿದ್ದು ಖರೇ ಅಂದ್ಕೋತಿದ್ದೆ. ನನ್ನ ಕೈಯಾರ ನಾನ ಕುಡಿಸೀನ್ರಿ."

ಆಮೇಲೆ ಎದ್ದು ಹೋಗಿ ನಲ್ಲಿಗೆ ಬಟ್ಟೆ ಬಿಗಿದು ಕಟ್ಟಿದರು.

ಗುರುಶಾಂತ ಚೀಟಿ ತರಲಿಲ್ಲ. ಶಾಲೆಯ ಮೆಟ್ಟಿಲ ಮೇಲೆಯೇ ಕುಳಿತು ಸಂಪಾದಕರಿಗೆ ಬರೆದ: ಹದಿನೇಳು ವಾರ ಅಳೆದದ್ದು, ಮೂವತ್ತೈದು ವಾರ ನಾನು ಕಲ್ಪಿಸಿದ್ದು. ಪತ್ರಿಕೆಯವರು ಪ್ರಬಂಧವನ್ನು ಹಿಂತೆಗೆದುಕೊಂಡರು. ಹುದ್ದೆ ಹೋಯಿತು. ಪ್ರಬಂಧದ ಮೇಲೆ ತಮ್ಮ ಹೆಸರೂ ಇದ್ದ ಮಾರ್ಗದರ್ಶಕರನ್ನು ಕೇಳಿದಾಗ, "ನನ್ನ ಹೆಸರು ಸುಮ್ಮನ ಹಾಕಿದ್ದರಪಾ, ನಾ ಒಳಗ ಓದೇ ಇಲ್ಲ," ಎಂದರು. ಅದನ್ನು ಅವರು ತಪ್ಪೊಪ್ಪಿಗೆಯೆಂದು ಹೇಳಲಿಲ್ಲ, ಸಮರ್ಥನೆಯೆಂದು ಹೇಳಿದರು. ಅವನನ್ನು ನಂಬಿ ಬರೆದ ಹನ್ನೊಂದು ಜನರಲ್ಲಿ ಕೆಲವರು ವರ್ಷಗಟ್ಟಲೆ ದುಡಿದದ್ದನ್ನು ಮತ್ತೆ ಮೊದಲಿನಿಂದ ಶುರು ಮಾಡಿದರು, ಇಬ್ಬರು ಓದನ್ನೇ ಬಿಟ್ಟರು. ಶಾಲೆಗಳಲ್ಲಿ ಈಗ ನಾಲ್ಕು ತಿಂಗಳಿಗೊಮ್ಮೆ ಹರಳು ಬದಲಿಸುತ್ತಾರೆ. ಗುರುಶಾಂತ ತಾನೇ ಶಾಲೆಯಿಂದ ಶಾಲೆಗೆ ಹೋಗಿ ನೀರು ಅಳೆಯುತ್ತಾನೆ. ಜೈತುನಬಿ ಅವನನ್ನು ಒಳಗೆ ಬಿಡುತ್ತಾರೆ. ಆದರೆ ಅವನು ಅಳೆದ ನೀರನ್ನು ಅವನ ಎದುರಿಗೇ ತಾವು ಇನ್ನೊಮ್ಮೆ ಅಳೆಯುತ್ತಾರೆ.

ಮಾಳವ್ವನ ಹಲ್ಲು? ಅದು ಮತ್ತೆ ಬೆಳ್ಳಗಾಗುವುದಿಲ್ಲ. ಹಿಂತೆಗೆದುಕೊಂಡದ್ದು ಪ್ರಬಂಧ ಮಾತ್ರ. ಆ ಪುಸ್ತಿಕೆಯ ಪ್ರತಿಗಳು ಇನ್ನೂ ಯಾವ ಯಾವ ಊರಿಗೆ ಹೋಗಿವೆಯೋ, ಯಾವ ಅಂಗಳದಲ್ಲಿ ಈ ಹೊತ್ತು ಯಾವ ಕೂಸು ಅದನ್ನು ನಂಬಿ ಕುಡಿಯುತ್ತಿದೆಯೋ, ಅವನಿಗೂ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಸುಳ್ಳು ಹೋದಷ್ಟು ದೂರ ಅದರ ತಿದ್ದುಪಡಿ ಹೋಗುವುದಿಲ್ಲ. ಇದಕ್ಕೆ ನಾನು ಹೆದರುತ್ತೇನೆ. ನೀವೂ ಹೆದರಬೇಕು.

ಈಗ ನೀವು ಹೇಳುತ್ತೀರಿ, ನಾವೇನು ಪ್ರಬಂಧ ಬರೆಯುವವರೇ ಎಂದು. ಹೌದು, ಈ ಸಭೆಯಲ್ಲಿ ಬರೆಯುವವರು ಕೆಲವರು. ಆದರೆ ಮನೆಮನೆಗೆ ಹೋಗದೆ ಮರದ ಕೆಳಗೆ ಕುಳಿತು ಸಮೀಕ್ಷೆ ತುಂಬಿದವರು ಇಲ್ಲಿ ಇಲ್ಲವೇ? ಕೂಸನ್ನು ತೂಗದೆ ಅದರ ತೂಕ ಬರೆದವರು? ಪ್ರಯೋಗ ಮಾಡದೆ ಪಕ್ಕದವನ ಉತ್ತರ ಬರೆದ ಮಕ್ಕಳು, ಆ ಪುಸ್ತಕಕ್ಕೆ ಓದದೆ ಸಹಿ ಹಾಕಿದ ಗುರುಗಳು? ಮಗಳ ಹೆಸರಿನಲ್ಲಿ ಬೇರೆಯವರ ಕೈಯಲ್ಲಿ ಬರೆಸಿ 'ನಮ್ಮ ಹುಡುಗಿ ಜಾಣೆ' ಎಂದ ತಾಯಿ ತಂದೆ? ನೋಡಿ, ನಾನು ಯಾರ ಕಡೆಯೂ ಬೆರಳು ತೋರಿಸುತ್ತಿಲ್ಲ. ನೀವು ತಲೆ ತಗ್ಗಿಸಿದ್ದು ಮಾತ್ರ ಕಾಣುತ್ತಿದೆ.

ನಾಳೆಯಿಂದ ಹೀಗೆ ಮಾಡಿ. ಅಳೆಯದಿದ್ದರೆ 'ಅಳೆದಿಲ್ಲ' ಎಂದು ಬರೆಯಿರಿ. ಆ ಜಾಗ ಖಾಲಿ ಇದ್ದರೆ ಯಾರೂ ಸಾಯುವುದಿಲ್ಲ. ನೀವು ದುಡಿಯದ ಬರಹದಲ್ಲಿ ನಿಮ್ಮ ಹೆಸರಿದ್ದರೆ ತೆಗೆಸಿ, ಇನ್ನೊಬ್ಬರ ಮಾತಿದ್ದರೆ ಅವರ ಹೆಸರು ಹಾಕಿ. ಯಾರಾದರೂ ಬಂದು 'ನೀವು ಬರೆದದ್ದು ನಮ್ಮಲ್ಲಿ ಹೊಂದುತ್ತಿಲ್ಲ' ಎಂದರೆ ಅವರನ್ನು ಕೂರಿಸಿ, ಅವರ ಕಣ್ಣೆದುರಿಗೇ ಇನ್ನೊಮ್ಮೆ ನೋಡಿ. ನಾಚಿಕೆಯಾದರೂ ನೋಡಿ. ಇನ್ನು ಗುರುಗಳಾದವರೇ, ನಿಮಗೆ ಒಂದು ಮಾತು ಜಾಸ್ತಿ. ವಿದ್ಯಾರ್ಥಿಯೊಬ್ಬ ಬಂದು 'ಪ್ರಯೋಗ ಕೆಟ್ಟಿತು ಸರ, ಏನೂ ಸಿಗಲಿಲ್ಲ' ಎಂದು ನಿಂತರೆ ಅವನಿಗೆ ಬೈಯಬೇಡಿ. ಅಷ್ಟು ಹೇಳಲು ಅವನು ಎಷ್ಟು ಅಂಜಿ ಬಂದಿರುತ್ತಾನೋ. ಅವತ್ತು ನೀವು ಬೈದರೆ ಅವನು ಮುಂದೆ ಯಾವತ್ತೂ ನಿಮ್ಮ ಹತ್ತಿರ ಬರಿಗೈಯಲ್ಲಿ ಬರುವುದಿಲ್ಲ. ಏನಾದರೊಂದು ಬರೆದುಕೊಂಡೇ ಬರುತ್ತಾನೆ.